ಮೂರು ಓರೆ ಮೊಳೆಗಳ ಮೇಲೆ ನಿಂತಿದ್ದ ಮಾಡು

2021ರ ಜುಲೈ 15, ಗುರುವಾರ. ಮಧ್ಯಾಹ್ನ ಎರಡೂವರೆ ದಾಟಿತ್ತು. ಕೆನಡಾದ ಬ್ಯಾರಿ ನಗರದ ನಮ್ಮ ಮನೆಯ ಮಹಡಿಯಲ್ಲಿ ನಾನು ಆಫೀಸಿನ ಮೀಟಿಂಗಿನಲ್ಲಿ ಕುಳಿತಿದ್ದೆ. ಶಾಲೆಗೆ ರಜೆಯಿದ್ದುದರಿಂದ ಒಂಬತ್ತು ವರ್ಷದ ಮಗಳು ಕೆಳಗೆ ಅಜ್ಜಿಯ ಜೊತೆಗಿದ್ದಳು. ನನ್ನ ಪತಿ ಟೊರಾಂಟೊ ಕಡೆಗೆ ಕೆಲಸಕ್ಕೆ ಹೋಗಿದ್ದರು. ತೀರ್ಥಹಳ್ಳಿಯಿಂದ ಬಂದಿದ್ದ ಅತ್ತೆಯವರು ಏಪ್ರಿಲ್ ಕೊನೆಯಲ್ಲಿ ಊರಿಗೆ ಮರಳಬೇಕಿತ್ತು. ಆದರೆ ಕೋವಿಡ್ ಕಾರಣಕ್ಕೆ ಭಾರತದಿಂದ ಬರುವ ನೇರ ವಿಮಾನಗಳನ್ನು ಕೆನಡಾ ಸರ್ಕಾರ ಆ ತಿಂಗಳ 22ರಿಂದ ನಿಲ್ಲಿಸಿತು, ಅವರ ಟಿಕೆಟ್ಟೂ ರದ್ದಾಯಿತು. ಹೀಗಾಗಿ ಆ ದಿನ ಮನೆಯಲ್ಲಿದ್ದವರು ನಾವು ಮೂವರು.

ಬೆಳಗಿನಿಂದಲೂ ಸೆಕೆ ವಿಪರೀತವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದ ಕಡೆಯಿಂದ ಕಪ್ಪಾಗುತ್ತಾ ಬಂದ ಆಕಾಶವನ್ನು ಕಂಡು, ಮಲೆನಾಡಿನ ಮಳೆ ನೋಡಿ ಬೆಳೆದ ಅತ್ತೆ, ‘ಇದು ಸುಮ್ಮನೆ ಬರುವ ಮಳೆಯಲ್ಲ, ಕಿಟಕಿ ಹಾಕು ಮಗೂ’ ಎಂದಿದ್ದರು. ನಾನು ಕಿಟಕಿ ಮುಚ್ಚಿ ಮತ್ತೆ ಮೀಟಿಂಗಿಗೆ ಕುಳಿತೆ. ಮಳೆ ಬಂತು, ಆದರೆ ಅದು ಮೇಲಿನಿಂದ ಕೆಳಗೆ ಬೀಳುತ್ತಿರಲಿಲ್ಲ, ಬೀದಿಯ ಉದ್ದಕ್ಕೂ ಅಡ್ಡಡ್ಡಲಾಗಿ ಓಡುತ್ತಿತ್ತು. ಫೋನಿನಲ್ಲಿ ಸುಂಟರಗಾಳಿಯ ತುರ್ತು ಎಚ್ಚರಿಕೆಯ ಕರ್ಕಶ ಸದ್ದು ಮೊಳಗಿದ್ದಕ್ಕೂ ಗಾಳಿಯ ಮೊರೆತ ಕಿವಿಗೆ ಬಿದ್ದದ್ದಕ್ಕೂ ನಮ್ಮ ಪಾಲಿಗೆ ಹೆಚ್ಚು ಅಂತರ ಸಿಗಲಿಲ್ಲ. ನಾನು ಮೆಟ್ಟಿಲಿಳಿದು ಮಗಳನ್ನು ಬೇಸ್‌ಮೆಂಟಿಗೆ ಓಡಿಸಿ, ಮಂಡಿನೋವಿನ ಅತ್ತೆಯವರನ್ನು ಹಿಂದಿನಿಂದ ತಬ್ಬಿಕೊಂಡೇ ಒಂದೊಂದು ಮೆಟ್ಟಿಲನ್ನು ಇಳಿಸಿದೆ. ಕೊನೆಯ ಮೆಟ್ಟಿಲಿಗೆ ಬಂದಾಗ ಕಿವಿ ಕಟ್ಟಿಕೊಂಡಿತು, ದೀಪ ಆರಿತು. ತಲೆಯ ಮೇಲೆ ಮರ ಸಿಗಿಯುವ ಸದ್ದು, ಅದರ ನಡುವೆ ಗಾಜು ಒಡೆಯುವ ಸದ್ದು. ಅತ್ತೆ ಮಗಳ ತಲೆಯನ್ನು ತಮ್ಮ ಸೆರಗಿನೊಳಗೆ ಒತ್ತಿ ಹಿಡಿದಿದ್ದರು. ಇದೆಲ್ಲ ಎಷ್ಟು ಹೊತ್ತು ನಡೆಯಿತೆಂದು ಆಮೇಲೆ ಹಲವರು ಕೇಳಿದರು. ಒಂದು ನಿಮಿಷಕ್ಕಿಂತ ಹೆಚ್ಚಿರಲಾರದು.

ಬ್ಯಾರಿ ನಗರ ಟೊರಾಂಟೊದಿಂದ ಉತ್ತರಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿ, ಸಿಮ್ಕೊ ಸರೋವರವು ಪಶ್ಚಿಮಕ್ಕೆ ಚಾಚಿದ ಕೆಂಪೆನ್‌ಫೆಲ್ಟ್ ಕೊಲ್ಲಿಯ ಸುತ್ತ ಬೆಳೆದ ಊರು. ನಾವು ಇಲ್ಲಿ ಮನೆ ಕೊಳ್ಳಲು ಆ ಸರೋವರವೇ ಅರ್ಧ ಕಾರಣ. ಒಂಟಾರಿಯೊ ಪ್ರಾಂತ್ಯದ ದಕ್ಷಿಣ ಭಾಗ ಮೂರು ಕಡೆಯಿಂದ ದೊಡ್ಡ ಸರೋವರಗಳ ನಡುವೆ ಸಿಕ್ಕಿಕೊಂಡಿದೆ. ಬೇಸಿಗೆಯ ಹಗಲಿನಲ್ಲಿ ನೀರಿನ ಮೇಲಿನ ತಂಪು ಗಾಳಿ ಕಾದ ನೆಲದ ಕಡೆಗೆ ಬೀಸುತ್ತದೆ; ಎರಡು ಸರೋವರಗಳ ಗಾಳಿ ಎದುರುಬದುರಾಗಿ ಕೂಡುವ ಗೆರೆಯಲ್ಲಿ ಬಿಸಿಗಾಳಿ ಮೇಲಕ್ಕೆ ನೂಕಲ್ಪಟ್ಟು ಗುಡುಗು ಮೋಡಗಳು ಹುಟ್ಟುತ್ತವೆ ಎಂದು ಇಲ್ಲಿನ ಹವಾಮಾನ ವಿಜ್ಞಾನಿಗಳು ಬಹಳ ಕಾಲ ಅಧ್ಯಯನ ಮಾಡಿ ತೋರಿಸಿದ್ದಾರೆ. ಸಂಜೆ ದಡದಲ್ಲಿ ಕುಳಿತಾಗ ಹಾಯೆನಿಸುವ ಗಾಳಿಗೆ ಇಂಥದೊಂದು ಕೆಲಸವೂ ಇದೆಯೆಂದು ಮನೆ ಕೊಳ್ಳುವಾಗ ನನಗೆ ತಿಳಿದಿರಲಿಲ್ಲ. ಈ ಊರಿಗೆ ಸುಂಟರಗಾಳಿ ಹೊಸದಲ್ಲವೆಂಬುದೂ ಆಮೇಲೆಯೇ ತಿಳಿಯಿತು. 1985ರ ಮೇ 31ರಂದು ಒಂಟಾರಿಯೊದ ಮೇಲೆ ಎರಗಿದ ಸುಂಟರಗಾಳಿಗಳ ಸರಣಿಯಲ್ಲಿ 12 ಜನ ಸತ್ತಿದ್ದರು. ಅವರಲ್ಲಿ 8 ಮಂದಿ ಬ್ಯಾರಿಯವರು. ನಮ್ಮ ಹಿಂದಿನ ಬೀದಿಯ ಹಿರಿಯರೊಬ್ಬರು ಆ ದಿನವನ್ನೂ ಕಂಡಿದ್ದರು, ಈ ದಿನವನ್ನೂ ಕಂಡರು.

ಸದ್ದು ನಿಂತ ಮೇಲೆ ನಾನೊಬ್ಬಳೇ ಮೆಟ್ಟಿಲು ಹತ್ತಿದೆ. ಅಡುಗೆಮನೆ ಇದ್ದ ಹಾಗೆಯೇ ಇತ್ತು. ಒಲೆಯ ಮೇಲೆ ಸಾರಿನ ಪಾತ್ರೆ, ಪಕ್ಕದಲ್ಲಿ ಅತ್ತೆ ಹೆರೆದಿಟ್ಟ ತೆಂಗಿನಕಾಯಿ. ಆದರೆ ದೀಪದ ಹೋಲ್ಡರುಗಳಿಂದ ನೀರು ದಾರವಾಗಿ ಇಳಿಯುತ್ತಿತ್ತು. ಮಹಡಿಯ ಮೆಟ್ಟಿಲ ತಿರುವಿನಲ್ಲಿ ತಲೆಯೆತ್ತಿದಾಗ ಮಾಡು ಇರಲಿಲ್ಲ. ಮಾಡು ಇರಬೇಕಾದಲ್ಲಿ ಮೋಡ ಓಡುತ್ತಿತ್ತು. ನಾನು ಕುಳಿತಿದ್ದ ಕೋಣೆಯ ಹೊರಗೋಡೆ ಬೀದಿಗೆ ಬಿದ್ದಿತ್ತು, ಕುರ್ಚಿಯ ಮೇಲೆ ಜಿಪ್ಸಂ ಹಲಗೆಯ ದೊಡ್ಡ ತುಂಡು ಬಿದ್ದಿತ್ತು. ಚಳಿಗಾಲಕ್ಕೆಂದು ಅಟ್ಟದಲ್ಲಿ ಹಾಸಿರುವ ಗುಲಾಬಿ ಬಣ್ಣದ ಗಾಜಿನ ಹತ್ತಿ, ನೆನೆದ ಅವಲಕ್ಕಿಯ ಹಾಗೆ ಹಾಸಿಗೆ, ಬೀರು, ಬಟ್ಟೆ, ಗೋಡೆ ಎಲ್ಲದಕ್ಕೂ ಮೆತ್ತಿಕೊಂಡಿತ್ತು. ಉಳಿದ ಗೋಡೆಗಳ ಮೇಲೆ ಹುಲ್ಲಿನ ಚೂರು ಮತ್ತು ಕೆಸರು ಎಷ್ಟು ಸಣ್ಣದಾಗಿ ಹೊಡೆದಿತ್ತೆಂದರೆ ಯಾರೋ ಸೆಗಣಿ ಸಾರಿಸಿದಂತಿತ್ತು. ಬೆರಳಿನಿಂದ ಕೆರೆದರೆ ಬರಲಿಲ್ಲ.

ಬೀದಿಗೆ ಬಂದಾಗ ಗ್ಯಾಸಿನ ವಾಸನೆ. ಎದುರುಮನೆಯ ಕಾರು ಅವರ ಅಂಗಳದಲ್ಲಿರಲಿಲ್ಲ, ನಮ್ಮ ಅಂಗಳದಲ್ಲಿ ಮಗುಚಿಕೊಂಡಿತ್ತು. ಜನ ತಮ್ಮ ತಮ್ಮ ಮನೆಯ ಮುಂದೆ ನಿಂತು ಅಕ್ಕಪಕ್ಕದವರ ಹೆಸರು ಹಿಡಿದು ಕೂಗುತ್ತಿದ್ದರು. ಆ ವರ್ಷ ಕೋವಿಡ್‌ನಿಂದಾಗಿ ಬಹಳ ಮಂದಿ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಹೀಗಿದ್ದೂ ಆ ಬಡಾವಣೆಯಲ್ಲಿ ಒಬ್ಬರ ಜೀವವೂ ಹೋಗಲಿಲ್ಲ ಎಂಬುದನ್ನು ನೆನೆದಾಗ ಇಂದಿಗೂ ಕೈ ಮುಗಿಯುವಂತಾಗುತ್ತದೆ. ಎಂಟು ಮಂದಿಯನ್ನು ಆಸ್ಪತ್ರೆಗೆ ಒಯ್ದರು, ಅವರಲ್ಲಿ ನಾಲ್ವರಿಗೆ ಗಂಭೀರ ಗಾಯಗಳಾಗಿದ್ದವು. ಅರ್ಧ ಗಂಟೆಯೊಳಗೆ ಅಗ್ನಿಶಾಮಕ ದಳದವರು ಮನೆಮನೆ ತಟ್ಟಿ ನಮ್ಮನ್ನು ಹೊರಗೆ ಕಳಿಸಿದರು. ಅತ್ತೆಯ ಬಿ.ಪಿ. ಮಾತ್ರೆ, ಪಾಸ್‌ಪೋರ್ಟುಗಳು, ಲ್ಯಾಪ್‌ಟಾಪ್ ಇಷ್ಟನ್ನು ಒಂದು ಬಟ್ಟೆಚೀಲಕ್ಕೆ ತುಂಬಿಕೊಂಡು ನಾವು ಹೊರಟೆವು. ನಡೆಯುತ್ತಾ ಅತ್ತೆ ಒಮ್ಮೆ ಹಿಂದಿರುಗಿ, ಸಾಲಿನಲ್ಲಿ ಬೋಳಾಗಿ ನಿಂತ ಮನೆಗಳನ್ನು ನೋಡಿ ಕೇಳಿದರು: ‘ಇಷ್ಟು ದೊಡ್ಡ ಮನೆ ಕಟ್ಟಿದವರು ಮಾಡನ್ನು ಬಿಗಿದು ಕಟ್ಟಿಯೇ ಇರಲಿಲ್ಲವೇನೆ?’

ಅವರ ಬಾಲ್ಯದ ಮನೆಯಲ್ಲಿ ಮಳೆಗಾಲಕ್ಕೆ ಮೊದಲು ಕೊಟ್ಟಿಗೆಗೆ ಹೊಸ ಅಡಿಕೆಸೋಗೆ ಹೊದಿಸಿ, ಗಾಳಿಗೆ ಏಳದಂತೆ ಮೇಲೆ ಅಡಿಕೆದಬ್ಬೆ ಹಾಕಿ ಹಗ್ಗದಿಂದ ಪಕಾಸಿಗೆ ಬಿಗಿಯುತ್ತಿದ್ದರಂತೆ. ಆ ಗಳಿಗೆಯಲ್ಲಿ ನನಗೆ ಅವರ ಮಾತು ಸಂಕಟದಲ್ಲಿ ಆಡಿದ ಮಾತೆನಿಸಿತು, ಉತ್ತರ ಕೊಡಲಿಲ್ಲ.

ಮರುದಿನ ಸುಂಟರಗಾಳಿಯ ಬಲವನ್ನು, 0ಯಿಂದ 5ರವರೆಗಿನ ಇಎಫ್ ಮಾನದಂಡದಲ್ಲಿ, ಇಎಫ್-2 ಎಂದು ಪ್ರಕಟಿಸಿದರು, ಗಂಟೆಗೆ 210 ಕಿಲೋಮೀಟರ್ ವೇಗದ ಗಾಳಿ. ಇಲ್ಲಿ ಅಳೆಯುವ ರೀತಿ ನನಗೆ ಹೊಸದಾಗಿತ್ತು. ಗಾಳಿಯ ವೇಗವನ್ನು ಯಂತ್ರವಿಟ್ಟು ಅಳೆಯುವುದಿಲ್ಲ. ಯಾವ ಬಗೆಯ ಕಟ್ಟಡ ಎಷ್ಟರ ಮಟ್ಟಿಗೆ ಮುರಿದಿದೆ ಎಂಬುದನ್ನು ನೋಡಿ, ಹಾಗೆ ಮುರಿಯಲು ಎಷ್ಟು ಗಾಳಿ ಬೇಕೆಂದು ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಆ ಕೆಲಸಕ್ಕೆ ಒಂಟಾರಿಯೊದ ವೆಸ್ಟರ್ನ್ ವಿಶ್ವವಿದ್ಯಾಲಯದ, ಸುಂಟರಗಾಳಿಗಳನ್ನು ಅಧ್ಯಯನ ಮಾಡುವ ನಾರ್ದರ್ನ್ ಟೊರ್ನಾಡೋಸ್ ಪ್ರಾಜೆಕ್ಟ್‌ನ ತಂಡ ಡ್ರೋನುಗಳ ಸಮೇತ ನಮ್ಮ ಬೀದಿಗೆ ಬಂದಿತ್ತು. ಅವರಿಂದ ನಾನು ಕಲಿತದ್ದನ್ನು ಮುಂದೆ ಹೇಳುತ್ತೇನೆ, ಏಕೆಂದರೆ ಮೊದಲ ಎರಡು ವಾರ ಏನನ್ನೂ ಕಲಿಯುವ ಸ್ಥಿತಿಯಲ್ಲಿ ನಾವಿರಲಿಲ್ಲ.

ನಗರಸಭೆಯ ಕಟ್ಟಡ ಪರಿಶೀಲಕರು ಪ್ರತಿ ಮನೆಯನ್ನೂ ನೋಡಿ ಬಾಗಿಲಿಗೆ ನೋಟೀಸು ಅಂಟಿಸಿದರು. ವಾಸಕ್ಕೆ ಅಪಾಯಕಾರಿ ಎಂದು ಸುಮಾರು 70 ಮನೆಗಳಿಗೆ ಬಂದ ಆದೇಶ ನಮ್ಮ ಬಾಗಿಲಿಗೂ ಬಂತು. ಆ ಕಾಗದ ಇರುವ ತನಕ ಸ್ವಂತ ಮನೆಯೊಳಗೆ ಹೋಗಲೂ ಅನುಮತಿ ಬೇಕು. ಹೆಲ್ಮೆಟ್ ಹಾಕಿಕೊಂಡು, ಜೊತೆಗೊಬ್ಬರಿದ್ದು, ಅವರು ಹೇಳಿದಷ್ಟು ಹೊತ್ತಿನಲ್ಲಿ ಹೊರಬರಬೇಕು. ವಿಮಾ ಕಂಪನಿಗೆ ನಾವು ಅದೇ ಸಂಜೆ ಹೋಟೆಲಿನಿಂದ ಫೋನ್ ಮಾಡಿದ್ದೆವು. ಇಲ್ಲಿ ಸಾಲದ ಮೇಲೆ ಮನೆ ಕೊಂಡವರೆಲ್ಲ ವಿಮೆ ಮಾಡಿಸಲೇಬೇಕು, ಗಾಳಿಯಿಂದಾದ ಹಾನಿ ಅದರಲ್ಲಿ ಸೇರಿರುತ್ತದೆ. ಮನೆ ವಾಸಯೋಗ್ಯವಾಗುವ ತನಕ ಬೇರೆಡೆ ಇರಲು ತಗಲುವ ಹೆಚ್ಚಿನ ಖರ್ಚನ್ನೂ ಒಂದು ಮಿತಿಯವರೆಗೆ ಅವರೇ ಕೊಡುತ್ತಾರೆ. ಈ ಕೊನೆಯ ಮಾತು ಪಾಲಿಸಿಯಲ್ಲಿದೆಯೆಂದು ನಮಗೆ ಗೊತ್ತಿರಲಿಲ್ಲ, ಫೋನೆತ್ತಿದವರೂ ತಾವಾಗಿ ಹೇಳಲಿಲ್ಲ. ಹೋಟೆಲಿನಲ್ಲಿ ಪಕ್ಕದ ಕೋಣೆಯಲ್ಲಿದ್ದ ನಮ್ಮದೇ ಬೀದಿಯ ಶಿಕ್ಷಕಿಯೊಬ್ಬರು ಹೇಳಿ ತಿಳಿಯಿತು. ಆಮೇಲೆ ಪಾಲಿಸಿಯ ಪುಟಪುಟವನ್ನೂ ಮುದ್ರಿಸಿ ಪೆನ್ಸಿಲ್ ಹಿಡಿದು ಓದಿದೆ. ಕರ್ನಾಟಕದಲ್ಲಾಗಲಿ ಇಲ್ಲಾಗಲಿ, ಮನೆ ವಿಮೆ ಇರುವವರು ಈ ಕೆಲಸವನ್ನು ಗಾಳಿ ಬೀಸುವ ಮೊದಲೇ ಮಾಡಿಕೊಳ್ಳಬೇಕೆಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ.

ಎಲ್ಲಕ್ಕಿಂತ ದಣಿಸಿದ್ದು ಸಾಮಾನುಗಳ ಪಟ್ಟಿ. ನಷ್ಟವಾದ ಒಂದೊಂದು ವಸ್ತುವಿಗೂ ಹೆಸರು, ಕೊಂಡ ವರ್ಷ, ಕೊಂಡ ಬೆಲೆ, ಇಂದಿನ ಬೆಲೆ ಎಂದು ನಾಲ್ಕು ಅಂಕಣ. ಕಂಪನಿ ಮೊದಲು ಹಳತಾದಷ್ಟು ಬೆಲೆ ಕಳೆದು ಹಣ ಕೊಡುತ್ತದೆ. ನಾವು ಹೊಸದನ್ನು ಕೊಂಡು ರಸೀತಿ ಕೊಟ್ಟ ಮೇಲೆ ಉಳಿದದ್ದು ಬರುತ್ತದೆ. ಹಾಸಿಗೆ, ಕಂಪ್ಯೂಟರು ಇವುಗಳಿಗೇನೋ ರಸೀತಿ ಇತ್ತು. ಮಹಡಿಯ ಬೀರುವಿನಲ್ಲಿದ್ದ ನನ್ನ ಧಾರೆಸೀರೆಗೆ ಇರಲಿಲ್ಲ. ಅಡ್ಜಸ್ಟರ್ ಎಂದು ಕರೆಯುವ ವಿಮಾ ಪರಿಶೀಲಕರು ವಿಡಿಯೋ ಕರೆಯಲ್ಲಿ, ‘ಒಂದು ಉಡುಪು ಎಂದು ಬರೆದಿದ್ದೀರಿ, ಬೆಲೆ ಇಷ್ಟೊಂದು ಏಕೆ?’ ಎಂದು ಕೇಳಿದರು. ನಾನು ಉತ್ತರ ಹುಡುಕುತ್ತಿದ್ದಾಗ ಅತ್ತೆ ಆ ಸೀರೆಯನ್ನೇ ಕೋಣೆಯಿಂದ ತಂದು ಫೋನಿನ ಮುಂದೆ ಹಿಡಿದರು. ಹಿಂದಿನ ವಾರ ಅದನ್ನು ಅವರು ಬಕೆಟ್ಟಿನಲ್ಲಿ ಮೂರು ಸಲ ಜಾಲಿಸಿದ್ದರು. ಜರಿಯ ಎಳೆಗಳ ನಡುವೆ ಗಾಜಿನ ಹತ್ತಿಯ ಎಳೆಗಳು ಸೇರಿಕೊಂಡು ಬಿಡದೇ ಹೋಗಿದ್ದವು. ಮುಟ್ಟಿದ ಅವರ ಬೆರಳ ತುದಿಗಳು ಕೆಂಪಾಗಿ ತುರಿಸುತ್ತಿದ್ದವು. ಅತ್ತೆ ಸೆರಗಿನ ಅಂಚನ್ನು ಮಡಚಿ ಹಿಂಬದಿಯ ನೇಯ್ಗೆಯನ್ನು ತೋರಿಸಿ, ‘ಇದು ಬೆಳ್ಳಿ ಜರಿ ಎಂದು ಹೇಳು’ ಎಂದರು. ಹೇಳಿದೆ. ಆ ಪರಿಶೀಲಕಿ ಸ್ವಲ್ಪ ಹೊತ್ತು ನೋಡಿ, ಬೆಂಗಳೂರಿನ ಅಂಗಡಿಯೊಂದರಿಂದ ಅಂಥದೇ ಸೀರೆಯ ಈಗಿನ ದರ ತರಿಸಿ ಕಳಿಸಿ ಎಂದರು, ಕಳಿಸಿದ ಮೇಲೆ ಒಪ್ಪಿಕೊಂಡರು. ಒಳ್ಳೆಯ ಹೆಣ್ಣುಮಗಳು. ಎರಡು ತಿಂಗಳಿಗೆ ಅವರನ್ನು ಬೇರೆ ಕಡೆಗೆ ಹಾಕಿದರು. ಆಮೇಲೆ ಬಂದವರಿಗೆ ಎಲ್ಲವನ್ನೂ ಮೊದಲಿನಿಂದ ವಿವರಿಸಬೇಕಾಯಿತು. ಮೂರನೆಯವರು ಬಂದಾಗ ಡಿಸೆಂಬರು. ಇದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ. ಮನೆ ಕಳೆದುಕೊಂಡವರು ತಮ್ಮ ನಷ್ಟವನ್ನು ಮೂರು ಸಲ ಒಪ್ಪಿಸುವಂತೆ ಮಾಡಬಾರದು.

ಅಷ್ಟರಲ್ಲಿ ಸೆಪ್ಟೆಂಬರ್ ಕೊನೆಗೆ ನೇರ ವಿಮಾನಗಳು ಮತ್ತೆ ಶುರುವಾಗಿದ್ದವು, ಅಕ್ಟೋಬರಿನಲ್ಲಿ ಅತ್ತೆ ಊರಿಗೆ ಹೊರಟರು. ನಾವು ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆ ಮನೆಗೆ ಸೇರಿದ್ದೆವು.

ಈಗ ವಿಶ್ವವಿದ್ಯಾಲಯದ ತಂಡದ ವಿಷಯಕ್ಕೆ ಬರುತ್ತೇನೆ. ಜುಲೈ ಕೊನೆಯಲ್ಲಿ, ಉಳಿದ ಬಟ್ಟೆಬರೆ ತರಲೆಂದು ಅನುಮತಿ ಪಡೆದು ಹೋದ ದಿನ, ತಂಡದ ಯುವ ಎಂಜಿನಿಯರೊಬ್ಬರು ನಮ್ಮ ಮನೆಯ ಗೋಡೆಯ ಫೋಟೋ ತೆಗೆಯುತ್ತಿದ್ದರು. ಏನು ನೋಡುತ್ತಿದ್ದೀರಿ ಎಂದು ಕೇಳಿದ್ದಕ್ಕೆ ಮೇಲಕ್ಕೆ ಕರೆದು ತೋರಿಸಿದರು. ಇಲ್ಲಿನ ಮನೆಗಳು ಹೊರಗಿನಿಂದ ಇಟ್ಟಿಗೆಯದಾಗಿ ಕಂಡರೂ ಒಳಗಿರುವುದು ಮರದ ಚೌಕಟ್ಟು. ಗೋಡೆಯ ನೆತ್ತಿಯ ಮೇಲೆ ಅಡ್ಡ ಮಲಗಿಸಿದ ಮರದ ಪಟ್ಟಿಯ ಮೇಲೆ, ಕಾರ್ಖಾನೆಯಲ್ಲಿ ಜೋಡಿಸಿ ತಂದ ತ್ರಿಕೋನಾಕಾರದ ಟ್ರಸ್‌ಗಳನ್ನು ಸುಮಾರು ಎರಡೆರಡು ಅಡಿಗೆ ಒಂದರಂತೆ ನಿಲ್ಲಿಸುತ್ತಾರೆ. ಟ್ರಸ್ಸನ್ನು ಗೋಡೆಗೆ ಹಿಡಿದಿಡುವುದು ಓರೆಯಾಗಿ ಹೊಡೆದ ಮೊಳೆಗಳು. ಒಂಟಾರಿಯೊ ಕಟ್ಟಡ ಸಂಹಿತೆ ಕೇಳುವುದು ಪ್ರತಿ ಕೂಡಿಕೆಗೆ 82 ಮಿಲಿಮೀಟರ್ ಉದ್ದದ ಮೂರು ಮೊಳೆ. ಚಾವಣಿಯ ಭಾರವೇ ಅದನ್ನು ಕೂರಿಸಿರುತ್ತದೆ, ಮೊಳೆ ಅದನ್ನು ಜರುಗದಂತೆ ನೋಡಿಕೊಂಡರೆ ಸಾಕು ಎಂಬ ಲೆಕ್ಕ.

ಸುಂಟರಗಾಳಿ ಬಂದಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಇಳಿಜಾರು ಮಾಡಿನ ಮೇಲೆ ಹಾಯುವ ಗಾಳಿ ಅದನ್ನು ಮೇಲಕ್ಕೆ ಹೀರುತ್ತದೆ. ಅದೇ ಹೊತ್ತಿಗೆ ಗ್ಯಾರೇಜ್ ಬಾಗಿಲೋ ದೊಡ್ಡ ಕಿಟಕಿಯೋ ಒಡೆದರೆ ಒಳಹೊಕ್ಕ ಗಾಳಿ ಕೆಳಗಿನಿಂದ ತಳ್ಳುತ್ತದೆ. ಎರಡೂ ಸೇರಿದಾಗ ಮೊಳೆಗಳು ಮರವನ್ನು ಸೀಳಿಕೊಂಡು ಹೊರಬರುತ್ತವೆ. ಮಾಡು ಹೋದ ಮೇಲೆ ಗೋಡೆಗಳಿಗೆ ಮೇಲ್ಗಡೆ ಆಸರೆಯಿಲ್ಲ, ಅವೂ ಮಲಗುತ್ತವೆ. ಹಾರಿದ ಮಾಡಿನ ಮರದ ತುಂಡುಗಳು ಮುಂದಿನ ಸಾಲಿನ ಮನೆಗಳ ಕಿಟಕಿ ಒಡೆಯುತ್ತವೆ, ಅಲ್ಲಿಂದ ಮತ್ತೆ ಅದೇ ಕಥೆ. ಅವರು ಇದನ್ನು ಹೇಳುತ್ತಾ ನಮ್ಮ ಗೋಡೆಯ ಪಟ್ಟಿಯ ಮೇಲೆ ಬೆರಳಾಡಿಸಿದರು. ಒಂದು ಕಡೆ ಮೂರು ಸೀಳುಗಳು ಸ್ಪಷ್ಟವಾಗಿದ್ದವು. ಮುಂದಿನದರಲ್ಲಿ ಎರಡು. ಅದರ ಮುಂದಿನದರಲ್ಲಿ ಒಂದು ಸೀಳು, ಪಕ್ಕದಲ್ಲಿ ಟ್ರಸ್ಸಿಗೆ ತಾಗದೆ ಬರಿದೇ ಮೇಲಕ್ಕೆ ಚಾಚಿ ನಿಂತ, ತುಕ್ಕಿಲ್ಲದ, ನೆಟ್ಟಗಿನ ಮೊಳೆ. ಮನೆ ಕಟ್ಟಿದ ದಿನ ಬಡಗಿಯ ಗುರಿ ಅರ್ಧ ಅಂಗುಲ ತಪ್ಪಿತ್ತು. ಜಿಪ್ಸಂ ಹಲಗೆ ಮುಚ್ಚಿದ ಮೇಲೆ ಅದನ್ನು ಯಾರೂ ನೋಡಿರಲಿಲ್ಲ.

ಅತ್ತೆ ಕೇಳಿದ್ದು ಸರಿಯಾದ ಪ್ರಶ್ನೆಯಾಗಿತ್ತು.

ಪರಿಹಾರವೂ ದೊಡ್ಡದಲ್ಲ. ಹರಿಕೇನ್ ಕ್ಲಿಪ್ ಎಂದು ಕರೆಯುವ, ಅಂಗೈಗಿಂತ ಚಿಕ್ಕದಾದ, ಮಡಚಿದ ತಗಡಿನ ತುಂಡು. ಅದರ ಒಂದು ಬದಿಯನ್ನು ಟ್ರಸ್ಸಿಗೂ ಇನ್ನೊಂದು ಬದಿಯನ್ನು ಗೋಡೆಯ ಪಟ್ಟಿಗೂ ಮೊಳೆ ಹೊಡೆದು ಕೂರಿಸಬೇಕು. ಹೊಸದಾಗಿ ಕಟ್ಟುವಾಗ ಒಂದು ಮನೆಗೆ ತಗಲುವುದು ಕೆಲವು ನೂರು ಡಾಲರ್. ಇಎಫ್-2 ಮಟ್ಟದ ಗಾಳಿಯಲ್ಲಿ ಮಾಡು ಉಳಿಯಲು ಇದು ಸಾಕಾಗುತ್ತದೆ ಎಂದು ಆ ವಿಶ್ವವಿದ್ಯಾಲಯದ ಸಂಶೋಧಕರು ಬಹಿರಂಗವಾಗಿಯೇ ಹೇಳುತ್ತಾ ಬಂದಿದ್ದಾರೆ. ಲಕ್ಷಗಟ್ಟಲೆ ಡಾಲರಿನ ಮನೆಯಲ್ಲಿ ಈ ತಗಡಿಗೆ ಜಾಗ ಸಿಗದೇ ಇದ್ದದ್ದಕ್ಕೆ ನನಗೆ ಇಂದಿಗೂ ಸಮಾಧಾನವಿಲ್ಲ.

ಮನೆ ಮತ್ತೆ ಕಟ್ಟುವ ಕೆಲಸ ಆ ವರ್ಷ ಶುರುವಾಗಲೇ ಇಲ್ಲ. ಕೋವಿಡ್ ಕಾಲದಲ್ಲಿ ಮರದ ಬೆಲೆ ಏರಿತ್ತು, ಒಂದೇ ದಿನ ಇಡೀ ಬಡಾವಣೆಗೆ ಟ್ರಸ್ ಬೇಕಾದಾಗ ಕಾರ್ಖಾನೆಗಳ ಮುಂದೆ ಸರತಿ ಬೆಳೆಯಿತು. ಮಹಡಿಯ ಮೇಲೆ ಟಾರ್ಪಾಲು ಹೊದಿಸಿದ್ದರೂ ಅಕ್ಟೋಬರಿನ ಮಳೆಗೆ ನೀರು ಇಳಿದು ಕೆಳಗಿನ ಗೋಡೆಗಳಿಗೂ ಬೂಷ್ಟು ಹಿಡಿಯಿತು. ಮೊದಲು ಉಳಿದಿದ್ದ ಅಡುಗೆಮನೆಯನ್ನೂ ಕಿತ್ತು ಹಾಕಬೇಕಾಯಿತು. ಮುಂದಿನ ವಸಂತದಲ್ಲಿ ಗುತ್ತಿಗೆದಾರರು ನಕ್ಷೆ ತಂದಾಗ ನಾನು ಕ್ಲಿಪ್ ಬೇಕೆಂದೆ. ಸಂಹಿತೆ ಕೇಳುವುದಿಲ್ಲ ಎಂದರು. ವಿಮಾ ಕಂಪನಿಯವರು, ಮನೆ ಮೊದಲು ಹೇಗಿತ್ತೋ ಹಾಗೆ ಕಟ್ಟಿಕೊಡುವುದಷ್ಟೇ ತಮ್ಮ ಹೊಣೆ, ಮೊದಲಿಗಿಂತ ಉತ್ತಮಗೊಳಿಸಲು ಹಣವಿಲ್ಲ ಎಂದರು. ‘ಮೊದಲು ಇದ್ದ ಹಾಗೆ’ ಎಂದರೆ ಮೂರು ಮೊಳೆಗಳ ಮೇಲೆ! ನನ್ನ ಪತಿ ಸಾಮಾನ್ಯವಾಗಿ ದನಿ ಏರಿಸುವವರಲ್ಲ. ಅಂದು ಫೋನಿಟ್ಟು, ‘ನಾವೇ ಕೊಡೋಣ, ಆದರೆ ನಾವು ನೋಡದೆ ಗೋಡೆ ಮುಚ್ಚಬಾರದು ಎಂದು ಬರೆಸಿಕೋ’ ಎಂದರು. ಹಾಗೆಯೇ ಗುತ್ತಿಗೆದಾರರ ಒಪ್ಪಂದಕ್ಕೆ ಒಂದು ಸಾಲು ಸೇರಿಸಿ ಸಹಿ ಹಾಕಿಸಿಕೊಂಡೆವು.

2022ರ ಜೂನಿನಲ್ಲಿ ಟ್ರಸ್‌ಗಳು ಏರಿದವು. ನಗರಸಭೆಯ ಪರಿಶೀಲಕರು ಚೌಕಟ್ಟನ್ನು ನೋಡಿಹೋದ ಸಂಜೆ, ಬಡಗಿಯ ಅನುಮತಿ ಪಡೆದು ನಾವೂ ಮಗಳೂ ಮಹಡಿಗೆ ಹೋದೆವು. ಅವಳು ಸೀಮೆಸುಣ್ಣ ಹಿಡಿದು, ನೋಡಿದ ಪ್ರತಿ ಕ್ಲಿಪ್ಪಿನ ಪಕ್ಕದಲ್ಲಿ ಗೆರೆ ಎಳೆಯುತ್ತಾ ಹೋದಳು. ಇಪ್ಪತ್ತೆರಡು ಟ್ರಸ್, ಎರಡು ತುದಿ, ನಲವತ್ತನಾಲ್ಕು ಕ್ಲಿಪ್ ಇರಬೇಕು. ಅವಳ ಲೆಕ್ಕಕ್ಕೆ ನಲವತ್ತಮೂರು ಬಂತು. ಮತ್ತೆ ಎಣಿಸಿದೆವು, ಸ್ನಾನದ ಮನೆಯ ಮೂಲೆಯಲ್ಲಿ ಪೈಪು ಅಡ್ಡ ಬಂದಲ್ಲಿ ಒಂದನ್ನು ಬಿಟ್ಟಿದ್ದರು. ಬಡಗಿ ಬೇಸರಪಡದೆ ಏಣಿ ತಂದು, ಪೈಪಿನ ಹಿಂದಕ್ಕೆ ಕೈ ತೂರಿಸಿ ಅದನ್ನೂ ಹೊಡೆದುಕೊಟ್ಟರು. ಆ ರಾತ್ರಿ ಅತ್ತೆಗೆ ಫೋಟೋ ಕಳಿಸಿದೆ. ಅವರು ಮರುದಿನ ಕರೆ ಮಾಡಿ, ‘ಮೊಳೆ ಗಟ್ಟಿ ಕೂತಿದೆಯಾ, ಜಗ್ಗಿ ನೋಡಿದಿರಾ?’ ಎಂದು ವಿಚಾರಿಸಿದರು.

ಸೆಪ್ಟೆಂಬರಿನಲ್ಲಿ ಮನೆ ಸೇರಿದೆವು, ಕೊನೆಯ ರಸೀತಿಯ ಹಣ ಮುಂದಿನ ಫೆಬ್ರವರಿಗೆ ಬಂತು. ಈಗ ಬೀದಿಯಲ್ಲಿ ನಿಂತು ನೋಡಿದರೆ ಹೊಸ ಮಾಡು, ಹಳೆಯ ಮಾಡು ಎಲ್ಲವೂ ಒಂದೇ ಬೂದುಬಣ್ಣದ ಹೊದಿಕೆಯ ಕೆಳಗೆ ಒಂದೇ ರೀತಿ ಕಾಣುತ್ತವೆ. ಅಂದು ಉಳಿದುಕೊಂಡ ಮನೆಗಳಲ್ಲಿ ಹೆಚ್ಚಿನವು ಇನ್ನೂ ಮೊಳೆಗಳ ಮೇಲೆಯೇ ನಿಂತಿವೆ. ಬಲಕ್ಕೆ ಎರಡನೆಯ ಮನೆಯ ಶಿಕ್ಷಕಿ, ಹೋಟೆಲಿನಲ್ಲಿ ನಮಗೆ ದಾರಿ ತೋರಿದ ಅವರೇ, ತಮ್ಮ ಮನೆಯ ಸೂರನ್ನು ಹೊರಗಿನಿಂದ ಬಿಚ್ಚಿ ಕ್ಲಿಪ್ ಹಾಕಿಸಲು ಸಾಧ್ಯವೇ ಎಂದು ಕೇಳಿದರು. ಕಳೆದ ಶನಿವಾರ ಅವರ ಅಟ್ಟದ ಕಿಂಡಿಯಿಂದ ಟಾರ್ಚ್ ಹಿಡಿದು ನಾವಿಬ್ಬರೂ ಒಳಗೆ ತೆವಳಿದೆವು. ಗುಲಾಬಿ ಹತ್ತಿಯನ್ನು ಪಕ್ಕಕ್ಕೆ ಸರಿಸಿ ಸೂರಿನ ಅಂಚಿನ ತನಕ ಹೋಗಿ ಒಂದೊಂದೇ ಕೂಡಿಕೆಯ ಮೇಲೆ ಬೆಳಕು ಬಿಟ್ಟು ನೋಡಿದೆವು: ಮೂರು, ಮೂರು, ಎರಡು, ಮೂರು, ಎರಡು. ಅವರು ಪುಸ್ತಕದಲ್ಲಿ ಬರೆದುಕೊಂಡರು. ಬರುವ ಮಂಗಳವಾರ ನಮ್ಮ ಬಡಗಿ ಅವರ ಮನೆಗೆ ಬರುತ್ತಾರೆ.